ಅರವತ್ತೈದಲ್ಲ, ಅರವತ್ತು

ಕಲಬುರಗಿ
12 ಜನವರಿ 2025

ಅಪ್ಪಾ,

ಇಲ್ಲಿ ಪೊಲೀಸ್ ತರಬೇತಿಗೆ ಸೇರಿದ ದಿನವೇ ನಮ್ಮೆಲ್ಲರ ಫೋನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಭಾನುವಾರ ಹತ್ತು ನಿಮಿಷ ಕೈಗೆ ಕೊಡುತ್ತಾರೆ. ಆ ಹತ್ತೂ ನಿಮಿಷ ಅವ್ವನೇ ನುಂಗಿಬಿಡುತ್ತಾಳೆ, ‘ಉಂಡಿ ಏನು, ತಲಿಗೆ ಎಣ್ಣಿ ಹಚ್ಚಿಕೊಂಡಿ ಏನು’ ಅಂತ. ಅದಕ್ಕೇ ನಿಮ್ಮ ಪಾಲಿಗೆ ಈ ಪತ್ರ. ಗೋಕುಲ ರಸ್ತೆಯ ಕಾರ್ಖಾನೆ ಗೇಟಿನಲ್ಲಿ ಕುಳಿತು ಹಗಲೆಲ್ಲ ಲಾರಿ ನಂಬರು ಬರೆಯುವವರು ನೀವು, ಮಗಳಿಗೂ ನಾಲ್ಕು ಸಾಲು ಬರೆಯಿರಿ.

ಪರೇಡಿನಲ್ಲಿ ನಾನು ಮುಂದಿನ ಸಾಲು. ಓಟದಲ್ಲಿ ನೂರಾ ಹತ್ತು ಹುಡುಗಿಯರ ಪೈಕಿ ನಾಲ್ಕನೆಯವಳು. ಕಾನೂನಂತೂ ನನಗೆ ನೀರು ಕುಡಿದಷ್ಟು ಸಲೀಸು. ಸಂವಿಧಾನದ ವಿಧಿ, ಕಾಯ್ದೆಯ ಕಲಂ ಎಂದರೆ ಉಳಿದವರು ಮುಖ ಹುಳ್ಳಗೆ ಮಾಡುತ್ತಾರೆ. ನಾನು ನೀವು ಕೊಡಿಸಿದ ಗೈಡ್ ತೆಗೆದು ಬಾಯಿಪಾಠ ಮಾಡುತ್ತೇನೆ. ನೀವು ಕ್ಯಾಲೆಂಡರ್ ಹಾಳೆಯಲ್ಲಿ ಹಾಕಿಕೊಟ್ಟ ಕವರು ಇನ್ನೂ ಹರಿದಿಲ್ಲ.

ನಮಗೆ ಕಾನೂನು ಕಲಿಸುವವರು ನಿರುಪಮಾ ಮೇಡಂ, ನಮ್ಮ ಧಾರವಾಡದವರೇ. ಮೊದಲ ಕ್ಲಾಸಿಗೆ ಬಂದವರು ಕುರ್ಚಿಯಲ್ಲಿ ಕುಳಿತು ಪೇಪರ್ ಓದತೊಡಗಿದರು. ಪೂರ್ತಿ ಒಂದು ತಾಸು! ನಾವು ಕೈಕಟ್ಟಿಕೊಂಡು ಕುಳಿತೆವು. ಒಬ್ಬಳಿಗೆ ಅವಸರವಾಗಿ ಹೊರಗೆ ಹೋಗಬೇಕಾಗಿತ್ತು, ಪಾಪ, ಅಳುವಂತಾದಳು. ಗಂಟೆ ಹೊಡೆದ ಮೇಲೆ ಮೇಡಂ ಪೇಪರ್ ಮಡಚಿ ಕೇಳಿದರು: ‘ಬಾಗಲಾ ತೆಗದಿತ್ತು. ನಾ ಯಾರನ್ನೂ ಮುಟ್ಟಿಲ್ಲ, ಕುಂಡ್ರಿ ಅಂತನೂ ಅಂದಿಲ್ಲ. ಮತ್ಯಾಕ ಯಾರೂ ಎದ್ದು ಹೋಗಲಿಲ್ಲ?’ ‘ಇದು ಇಪ್ಪತ್ತೊಂದನೇ ವಿಧಿ, ಬರಕೋರಿ’ ಎಂದು ಹೊರಟೇಹೋದರು. ಕಾನೂನು ಹೇಳಿದ ರೀತಿಯಲ್ಲಲ್ಲದೆ ಯಾರ ಜೀವಕ್ಕೂ ಸ್ವಾತಂತ್ರ್ಯಕ್ಕೂ ಕೈಹಾಕುವಂತಿಲ್ಲ ಎನ್ನುವ ವಿಧಿ ಅದು. ಅದನ್ನು ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಆರಾಮಾಗಿ ಪೇಪರ್ ಓದಲು ಒಳ್ಳೆಯ ಉಪಾಯ ಎಂದು ನಾವು ಊಟದ ಹೊತ್ತಿಗೆ ನಕ್ಕಿದ್ದೇ ನಕ್ಕಿದ್ದು.

ಕಾನೂನಿನಲ್ಲಿ ಏನಾದರೂ ಸಂಶಯವಿದ್ದರೆ ಕೇಳಿ. ಇನ್ನು ಮೇಲೆ ಬೆಂಗೇರಿಗೆಲ್ಲ ನಾನೇ ವಕೀಲೆ.

ನಿಮ್ಮ
ಸುಕನ್ಯಾ


ಬೆಂಗೇರಿ, ಹುಬ್ಬಳ್ಳಿ
25 ಜನವರಿ 2025
(ಬರೆದದ್ದು. ಅಂಚೆಗೆ ಹಾಕಲಿಲ್ಲ.)

ಸುಕನ್ಯಾ,

ನಿನಗೆ ಹೇಳದೆ ಯಾರಿಗೆ ಹೇಳಲಿ? ನಮ್ಮ ಕಾರ್ಖಾನೆಯಿಂದ ತಾಮ್ರದ ತಂತಿಯ ಎಂಟು ಸುರುಳಿ ಕಳುವಾಗಿವೆ. ಹೋದದ್ದು ಹತ್ತೊಂಬತ್ತರ ರಾತ್ರಿ. ನನ್ನದು ಹಗಲು ಪಾಳಿ. ಆದರೂ ಮರುದಿನ ಠಾಣೆಯಿಂದ ಹೇಳಿಕಳಿಸಿದರು, ‘ಜರಾ ವಿಚಾರಸೋದು ಐತಿ, ಬಂದು ಹೋಗ್ರಿ’ ಎಂದು. ಹೋದೆ. ಬಾಗಿಲ ಪಕ್ಕದ ಬೆಂಚು ತೋರಿಸಿ ‘ಕುಂಡ್ರಿ, ಸಾಹೇಬ್ರು ಬರ್ತಾರ’ ಎಂದರು. ಬೆಳಿಗ್ಗೆ ಹತ್ತಕ್ಕೆ ಕುಳಿತವನು ಸಂಜೆ ಆರಕ್ಕೆ ಎದ್ದೆ. ಯಾರೂ ಏನೂ ಕೇಳಲಿಲ್ಲ. ‘ನಾಳೆ ಬರ್ರಿ’ ಎಂದರು. ಹೀಗೆ ಐದು ದಿನವಾಯಿತು.

ಯಾರೂ ಹೊಡೆದಿಲ್ಲ, ಬೈದಿಲ್ಲ. ಒಮ್ಮೆ ಚಹಾ ಕೂಡ ಕೊಟ್ಟರು. ಆದರೆ ಮಗಳೇ, ಅಲ್ಲಿ ಕುಳಿತರೆ ರಸ್ತೆಯಲ್ಲಿ ಹೋಗುವವರೆಲ್ಲ ನನಗೆ ಕಾಣುತ್ತಾರೆ, ನಾನು ಅವರಿಗೆ ಕಾಣುತ್ತೇನೆ. ನಿನ್ನೆ ನಮ್ಮ ಓಣಿಯ ಫಕೀರೇಶ ಪಾಸ್‌ಪೋರ್ಟಿನ ಕೆಲಸಕ್ಕೆ ಬಂದಿದ್ದ. ‘ಏನ ಲಕ್ಕಪ್ಪಣ್ಣಾ, ನೀ ಇಲ್ಲಿ?’ ಎಂದ. ‘ಮಗಳ ನೌಕರಿ ಕಾಗದದ ಸಲುವಾಗಿ’ ಎಂದೆ. ಅರವತ್ಮೂರು ವರ್ಷದಲ್ಲಿ ನಿನ್ನ ಹೆಸರು ಮುಂದಿಟ್ಟು ಸುಳ್ಳು ಹೇಳಿದ್ದು ಅದೇ ಮೊದಲು.

ಮಾಲೀಕ ಸಿದ್ದಲಿಂಗಪ್ಪನವರು ‘ಪೊಲೀಸರ ಕೆಲಸ ಮುಗಿಸಿಕೊಂಡ ಮ್ಯಾಲೆ ಗೇಟಿಗೆ ಬಾ’ ಎಂದಿದ್ದಾರೆ. ಗೇಟಿಗೆ ಬೇರೆಯವರನ್ನು ಕೂರಿಸಿದ್ದಾರೆ. ಹದಿನೆಂಟು ವರ್ಷ ನಾನು ಕುಳಿತ ಸ್ಟೂಲು ಅದು.

ನನ್ನ ಮಗಳೂ ಪೊಲೀಸು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ, ಮುಚ್ಚಿದೆ. ತಂದೆಯ ಹೆಸರು ಠಾಣೆಯಲ್ಲಿದೆ ಎಂದು ಯಾರಾದರೂ ನಿನ್ನ ಕಾಗದದಲ್ಲಿ ಬರೆದುಬಿಟ್ಟರೆ? ಆ ಖಾಕಿಗಾಗಿ ನೀನು ಮೂರು ವರ್ಷ ನಸುಕಿನಲ್ಲಿ ಎದ್ದು ಓಡಿದ್ದನ್ನು ನಾನು ನೋಡಿದ್ದೇನೆ.

ಇಲ್ಲ. ಇದನ್ನು ಕಳಿಸುವುದಿಲ್ಲ. ಬೇರೆ ಬರೆಯುತ್ತೇನೆ.


ಬೆಂಗೇರಿ, ಹುಬ್ಬಳ್ಳಿ
25 ಜನವರಿ 2025

ಚಿ. ಸುಕನ್ಯಾಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಆರಾಮಿದ್ದೇವೆ. ಇದರ ಜೊತೆ ನಿಮ್ಮ ಅವ್ವ ಶೇಂಗಾ ಚಟ್ನಿ ಕಳಿಸಿದ್ದಾಳೆ, ಹಂಚಿಕೊಂಡು ತಿನ್ನು. ನಾಲ್ಕನೆಯವಳು ಎಂದು ಓದಿ ಸಂತೋಷವಾಯಿತು. ನಿನಗಿಂತ ಮುಂದಿನ ಆ ಮೂವರು ಏನು ತಿನ್ನುತ್ತಾರೆ ಎಂದು ಅವ್ವ ಕೇಳುತ್ತಿದ್ದಾಳೆ.

ಒಂದು ಸಂಶಯ. ಚಹಾದಂಗಡಿಯಲ್ಲಿ ನನ್ನ ಜೊತೆ ಕೂರುವ ಗಂಗಪ್ಪ ಗೊತ್ತಲ್ಲ? ಯಾವುದೋ ಕಳವಿನ ಕೇಸಿನಲ್ಲಿ ಅವನನ್ನು ವಿಚಾರಿಸಬೇಕೆಂದು ದಿನಾ ಠಾಣೆಗೆ ಕರೆಯುತ್ತಾರಂತೆ. ಅವನದೇನೂ ತಪ್ಪಿಲ್ಲ, ಸಾಕ್ಷಿ ಅಷ್ಟೆ. ಕರೆದಾಗಲೆಲ್ಲ ಹೋಗಲೇಬೇಕೇ? ಅವನಿಗೂ ನನ್ನಷ್ಟೇ ವಯಸ್ಸು, ಅರವತ್ಮೂರು. ಕೇಳಿ ಹೇಳು ಎಂದು ಗಂಟುಬಿದ್ದಿದ್ದಾನೆ. ಓದು ಬಿಟ್ಟು ಬರೆಯಬೇಡ, ಆದರೆ ಲಗೂನೆ ಬರೆ.

ಅಪ್ಪ


ಕಲಬುರಗಿ
2 ಫೆಬ್ರುವರಿ 2025

ಅಪ್ಪಾ,

ಚಟ್ನಿ ಒಂದೇ ಹೊತ್ತಿಗೆ ಖಾಲಿ. ಮುಂದಿನ ಸಲ ಡಬ್ಬಿಯ ಮೇಲೆ ‘ಔಷಧ’ ಎಂದು ಬರೆದು ಕಳಿಸಲು ಅವ್ವಗೆ ಹೇಳಿ.

ಗಂಗಪ್ಪ ಕಾಕಾ ನನ್ನ ಮೊದಲ ಕಕ್ಷಿದಾರ! ಉತ್ತರ ಕೇಳಿ. ಪ್ರಕರಣದ ಸಂಗತಿ ಗೊತ್ತಿರುವವರನ್ನು ತನಿಖೆ ಮಾಡುವ ಅಧಿಕಾರಿ ಠಾಣೆಗೆ ಕರೆಯಬಹುದು. ಆದರೆ ಬರವಣಿಗೆಯಲ್ಲಿ ಕರೆಯಬೇಕು, ಬಾಯಿಮಾತಿನಲ್ಲಲ್ಲ. ಹೆಂಗಸರನ್ನು, ಹದಿನೈದರೊಳಗಿನ ಹುಡುಗರನ್ನು, ಅರವತ್ತೈದು ದಾಟಿದ ಗಂಡಸರನ್ನು ಠಾಣೆಗೆ ಬನ್ನಿ ಎನ್ನುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಿ ಕೇಳಬೇಕು. ಕಾಕಾ ಇನ್ನೂ ಅರವತ್ಮೂರರ ಹುಡುಗ, ಆ ಮರ್ಯಾದೆ ಬೇಕಾದರೆ ಎರಡು ವರ್ಷ ಕಾಯಬೇಕು ಎಂದು ಹೇಳಿ. ಅಲ್ಲಿಯವರೆಗೆ ಕರೆದಾಗ ತೆಪ್ಪಗೆ ಹೋಗಿ ಬರಲಿ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಪೊಲೀಸರು ಕರೆದರು ಎಂದರೆ ಸಾಕು, ನಮ್ಮ ಜನ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಒಳಗಿನಿಂದ ನೋಡಿದರೆ ತಿಳಿಯುತ್ತದೆ ಅಪ್ಪಾ, ಒಬ್ಬೊಬ್ಬ ಅಧಿಕಾರಿಯ ತಲೆಯ ಮೇಲೆ ಎಷ್ಟೊಂದು ಕೆಲಸ ಇರುತ್ತದೆ ಎಂದು. ನಾಲ್ಕು ತಾಸು ಬೆಂಚಿನ ಮೇಲೆ ಕುಳಿತರೆ ಯಾರೂ ಸವೆದುಹೋಗುವುದಿಲ್ಲ.

ಇದೇ ಹದಿನೈದಕ್ಕೆ ಕಾನೂನಿನ ಪರೀಕ್ಷೆ. ಐವತ್ತಕ್ಕೆ ಐವತ್ತು ಎಂದು ಗೆಳತಿಯರ ಮುಂದೆ ಪಂಥ ಕಟ್ಟಿದ್ದೇನೆ.

ಸುಕನ್ಯಾ


ಬೆಂಗೇರಿ, ಹುಬ್ಬಳ್ಳಿ
10 ಫೆಬ್ರುವರಿ 2025

ಚಿ. ಸುಕನ್ಯಾಗೆ ಆಶೀರ್ವಾದ.

ನಿನ್ನ ಪತ್ರ ಬಂತು. ಗಂಗಪ್ಪನಿಗೆ ಓದಿ ಹೇಳಿದೆ. ಹೋಗಿ ಬರುತ್ತಿದ್ದಾನೆ.

ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದನಂತೆ. ಅಲ್ಲಿದ್ದವನೊಬ್ಬ ‘ಬರದು ಕೊಡೂದಾದ್ರ ಆರೋಪಿ ಅಂತನ ಬರದು ಕೊಡ್ತೇವಿ, ಬೇಕೇನು?’ ಎಂದನಂತೆ. ಮತ್ತೆ ಬೆಂಚಿಗೆ ಹೋಗಿ ಕುಳಿತನಂತೆ. ಆ ಬೆಂಚಿನ ಒಂದು ಕಾಲು ಗಿಡ್ಡ ಇದೆಯಂತೆ. ಪಕ್ಕದವರು ಎದ್ದರೆ ಕುಳಿತವನು ಒಂದು ಕಡೆ ವಾಲುತ್ತಾನಂತೆ. ನೀನು ಹೇಳಿದ ಹಾಗೆ ಸವೆಯುವುದಿಲ್ಲ, ಖರೆ.

ಅವನ ಮಗನೊಬ್ಬ ಸರಕಾರಿ ನೌಕರಿಗೆ ಹೊಸದಾಗಿ ಸೇರಿದ್ದಾನೆ. ತಂದೆ ಹೀಗೆ ಠಾಣೆಗೆ ಹೋಗಿ ಬರುವುದರಿಂದ ಮಗನ ನೌಕರಿಗೆ ಏನಾದರೂ ಧಕ್ಕೆ ಇದೆಯೇ? ಅವನಿಗೆ ಉಳಿದ ಯಾವ ಚಿಂತೆಯೂ ಇಲ್ಲ, ಇದೊಂದೇ.

ಅಪ್ಪ


ಕಲಬುರಗಿ
23 ಫೆಬ್ರುವರಿ 2025

ಅಪ್ಪಾ,

ಪರೀಕ್ಷೆ ಆಯಿತು. ನಲವತ್ತೊಂಬತ್ತು. ತಂಡಕ್ಕೇ ಮೊದಲು ಬಂದೆ, ಆದರೂ ಪಂಥ ಸೋತೆ. ಆ ಒಂದು ಅಂಕ ಹೋದದ್ದು ಎಲ್ಲಿ ಗೊತ್ತೇ? ನಿಮ್ಮ ಗಂಗಪ್ಪ ಕಾಕಾನ ಪ್ರಶ್ನೆಯಲ್ಲಿ!

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ಜುಲೈ ಒಂದರಿಂದ ಹೊಸ ಕಾಯ್ದೆಗಳು ಬಂದಿವೆ, ಹಳೆಯ ಕಾಯ್ದೆಯ ಗೈಡುಗಳನ್ನು ಮನೆಗೆ ಕಳಿಸಿಬಿಡಿ ಎಂದು ಮೇಡಂ ಮೊದಲ ವಾರವೇ ಹೇಳಿದ್ದರು. ನಾನು ಕಳಿಸಲಿಲ್ಲ. ದುರ್ಗದಬೈಲಿನ ಹಳೇ ಪುಸ್ತಕದಂಗಡಿಯಲ್ಲಿ ನೀವು ಅರ್ಧ ದಿನ ಹುಡುಕಿ ತಂದ ಗೈಡ್ ಅದು. ಕವರಿನ ಒಳಗೆ ನಿಮ್ಮ ಅಕ್ಷರದಲ್ಲಿ ನನ್ನ ಹೆಸರಿದೆ. ಟ್ರಂಕಿನ ತಳದಲ್ಲಿಟ್ಟುಕೊಂಡು ಅದನ್ನೇ ಓದಿದೆ. ಬಹಳಷ್ಟು ಕಲಂಗಳ ನಂಬರು ಮಾತ್ರ ಬದಲಾಗಿದೆ, ಅವುಗಳನ್ನು ತಿದ್ದಿಕೊಂಡಿದ್ದೆ. ಇಲ್ಲಿ ವಯಸ್ಸೂ ಬದಲಾಗಿತ್ತು, ಅದನ್ನು ನೋಡಲಿಲ್ಲ.

ಈಗಿನ ಕಾಯ್ದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕಲಂ 179. ಅರವತ್ತೈದಲ್ಲ, ಅರವತ್ತು. ಅರವತ್ತು ದಾಟಿದ ಗಂಡಸು ತಾನು ವಾಸಿಸುವ ಜಾಗ ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ತಾನಾಗಿ ಇಷ್ಟಪಟ್ಟು ಠಾಣೆಗೆ ಬರುತ್ತೇನೆ ಎಂದರೆ ಮಾತ್ರ ಬರಬಹುದು. ಕಾಕಾ ದಿನಾ ಹೋಗುತ್ತಿದ್ದರೆ ಇಷ್ಟಪಟ್ಟೇ ಬರುತ್ತಾನೆ ಎಂದುಕೊಂಡಿರುತ್ತಾರೆ. ನನಗೆ ಇಷ್ಟವಿಲ್ಲ, ಮನೆಗೆ ಬನ್ನಿ ಎಂದು ಹೇಳಲಿ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿ ಸಹಿ ಮಾಡುವ ಅಗತ್ಯವೂ ಇಲ್ಲ. ಮಗನ ನೌಕರಿಗೆ ಯಾವ ಧಕ್ಕೆಯೂ ಇಲ್ಲ, ಸಾಕ್ಷಿ ಎಂದರೆ ಆರೋಪಿಯಲ್ಲ.

ಅಂದಹಾಗೆ ಕಾಕಾನಿಗೆ ಮಗ ಯಾವಾಗ ಹುಟ್ಟಿದ? ಇಬ್ಬರೂ ಹೆಣ್ಣುಮಕ್ಕಳಲ್ಲವೇ? ಅಳಿಯನನ್ನೇ ಮಗ ಎನ್ನುತ್ತಿರಬೇಕು. ನನ್ನ ತಪ್ಪಿಗಾಗಿ ಒಂದೆರಡು ಸಲ ಹೆಚ್ಚು ಓಡಾಡಿದ್ದರೆ ನನ್ನ ಲೆಕ್ಕದಲ್ಲಿ ಒಂದು ಚಹಾ ಕುಡಿಸಿಬಿಡಿ.

ಸುಕನ್ಯಾ


ಬೆಂಗೇರಿ, ಹುಬ್ಬಳ್ಳಿ
3 ಮಾರ್ಚ್ 2025

ಸುಕನ್ಯಾ,

ಗಂಗಪ್ಪನಿಗೆ ಚಹಾ ಕುಡಿಸಿದೆ. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಅವನು ಯಾವ ಠಾಣೆಗೂ ಹೋಗಿಲ್ಲ, ಅವನಿಗೆ ಮಗನೂ ಇಲ್ಲ. ಹೋದವನು ನಾನು. ಇದರೊಳಗೆ ಜನವರಿಯಲ್ಲಿ ಬರೆದು ಇಟ್ಟುಕೊಂಡ ಪತ್ರ ಇದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಇನ್ನು ಕೇಳು. ನಿನ್ನ ಪತ್ರ ಗುರುವಾರ ಬಂತು. ‘ಅರವತ್ತೈದಲ್ಲ, ಅರವತ್ತು’ ಎನ್ನುವ ಸಾಲನ್ನು ನಿಮ್ಮ ಅವ್ವಗೆ ಮೂರು ಸಲ ಓದಿ ಹೇಳಿದೆ. ಅವಳು ಗೂಟದಲ್ಲಿದ್ದ ನನ್ನ ಟೊಪ್ಪಿಗೆ ತೆಗೆದುಕೊಟ್ಟು ‘ಏಳ್ರಿ, ಇವತ್ತ ಹೋಗಿ ಹೇಳಿ ಬರ್ರಿ’ ಎಂದಳು. ನಿನ್ನ ಹೆಸರು ಬರಬಾರದೆಂದು ಕಲಂ, ನಂಬರು ಎಲ್ಲವನ್ನೂ ಬೇರೆ ಹಾಳೆಯಲ್ಲಿ ನನ್ನ ಕೈಯಾರೆ ಬರೆದುಕೊಂಡು ಹೋದೆ.

ಆ ದಿನ ಬೆಂಚಿನ ಮೇಲೆ ಕೂರಲಿಲ್ಲ. ಠಾಣೆಯಲ್ಲಿ ಬರೆಯುವ ಕೆಲಸದ ಹೆಡ್ ಕಾನ್‌ಸ್ಟೆಬಲ್ ಹಫೀಜ ಎಂಬವರಿದ್ದಾರೆ, ಅವರ ಮೇಜಿನ ಮುಂದೆ ನಿಂತು ಹಾಳೆ ಕೊಟ್ಟೆ. ಓದಿದರು. ನನ್ನ ಮುಖ ನೋಡಿದರು. ‘ಯಾರು ಬರದ್ರು ಕಾಕಾ ಇದನ್ನ?’ ಎಂದರು. ‘ಅಕ್ಷರ ನಂದೈತ್ರಿ, ಕಾಯ್ದೆ ಸರಕಾರದ್ದು’ ಎಂದೆ. ಅವರು ಕಪಾಟಿನಿಂದ ಪುಸ್ತಕ ತೆಗೆದು ಹುಡುಕಿ, ಬೆರಳಿಟ್ಟುಕೊಂಡೇ ಒಳಗೆ ಸಬ್ ಇನ್‌ಸ್ಪೆಕ್ಟರ್ ಹತ್ತಿರ ಹೋದರು.

ಆ ಸಾಹೇಬ ಹೊರಗೆ ಬಂದ. ನಿನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ‘ಇಷ್ಟ ದಿನ ನೀವ ಬಂದೀರಲ್ಲಾ, ಖುಷಿಲೆ ಬರ್ತೀರಿ ಅಂತ ತಿಳಿದಿದ್ದೆ’ ಎಂದ. ನಾನು ಅಂದೆ: ‘ಇವತ್ತಿನಿಂದ ಖುಷಿ ಇಲ್ರಿ ಸಾಹೇಬ್ರ. ಮನೀಗೆ ಬರ್ರಿ, ಚಹಾ ಕುಡದು ಕೇಳ್ರಿ.’ ಹೇಳಿ, ಟೊಪ್ಪಿಗೆ ಹಾಕಿಕೊಂಡು ಹೊರಬಿದ್ದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹಫೀಜ ಬಂದರು. ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಕುಳಿತರು. ಜನವರಿ ಹದಿನೆಂಟರಂದು, ಹತ್ತೊಂಬತ್ತರಂದು ಎರಡೂ ಮಧ್ಯಾಹ್ನ ಕಾರ್ಖಾನೆಯ ಹಿಂದಿನ ಗೋಡೆಗೆ ಒತ್ತಿ ನೀಲಿ ತಾಡಪತ್ರಿ ಹೊದಿಸಿದ ಒಂದು ಟೆಂಪೋ ನಿಂತಿತ್ತು, ಹಿಂದಿನ ಎಡಗಡೆ ದೀಪ ಒಡೆದಿತ್ತು, ನಂಬರು ಇಷ್ಟು ಎಂದು ಹೇಳಿದೆ. ಇಪ್ಪತ್ತು ನಿಮಿಷದ ಕೆಲಸ. ಸಹಿ ಬೇಡ ಎಂದು ಅವರೇ ಅಂದರು. ಬರೆಯುವುದನ್ನು ನಿಲ್ಲಿಸಿ ‘ಇದನ್ನ ಮೊದಲ ದಿನಾನ ಯಾಕ ಹೇಳಲಿಲ್ಲ ಕಾಕಾ?’ ಎಂದರು. ‘ಯಾರೂ ಕೇಳಲಿಲ್ರಿ. ನಾ ಹೇಳಾಕ ಹೋದ್ರ ಸಾಹೇಬ್ರು ಬರ್ಲಿ ಅಂದ್ರಿ’ ಎಂದೆ. ತಲೆ ತಗ್ಗಿಸಿದರು. ನಿನ್ನೆ ಟೆಂಪೋ ಸಿಕ್ಕಿದೆ, ಎಂಟರಲ್ಲಿ ಆರು ಸುರುಳಿಯೂ ಸಿಕ್ಕಿವೆ. ಇವತ್ತು ನಾನು ಗೇಟಿಗೆ ಹೋಗಿ ನನ್ನ ಸ್ಟೂಲಿನ ಮೇಲೆ ಕುಳಿತೆ.

ನಿನ್ನ ಮೊದಲಿನ ಉತ್ತರ ಬಂದ ಮೇಲೆ ನಾನು ಹನ್ನೊಂದು ದಿನ ಹೋದೆ. ಎಣಿಸಿದವಳು ನಿಮ್ಮ ಅವ್ವ. ನಿನಗೆ ಹೇಳಬಾರದೆಂದಿದ್ದೆ, ಆದರೆ ಸುಳ್ಳು ಹೇಳಿ ಸಾಕಾಗಿದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಳೆಯ ಗೈಡ್ ಕೊಡಿಸಿದವನು ನಾನೇ.

ಅಪ್ಪ


ಕಲಬುರಗಿ
9 ಮಾರ್ಚ್ 2025

ಅಪ್ಪಾ,

ನಾಲ್ಕು ಸಲ ಬರೆದು ಹರಿದೆ. ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ, ಅದನ್ನು ಮೊದಲು ಹೇಳುತ್ತೇನೆ. ಭಾನುವಾರಕ್ಕೊಮ್ಮೆ ಹತ್ತು ನಿಮಿಷ ನನ್ನ ಕಿವಿಗೆ ‘ಎಲ್ಲಾ ಆರಾಮ’ ಎಂದು ತುಂಬಿದ ಅವ್ವನ ಮೇಲೂ ಬಂದಿದೆ. ಉಳಿದದ್ದೆಲ್ಲ ನನ್ನ ಮೇಲೆ.

ಎರಡು ವರ್ಷ ಕಾಯಬೇಕು ಎಂದು ನಗುತ್ತ ಬರೆದವಳು ನಾನು. ಬೆಂಚಿನ ಮೇಲೆ ಕುಳಿತರೆ ಸವೆಯುವುದಿಲ್ಲ ಎಂದು ಬರೆದವಳೂ ನಾನು. ಅದನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು ನೀವು ಎದ್ದು ಹೋಗಿರುತ್ತೀರಿ. ನನಗೆ ಹೋದದ್ದು ಒಂದು ಅಂಕ, ನಿಮಗೆ ಹನ್ನೊಂದು ದಿನ. ಅಪ್ಪಾ, ಬಹಳ ಅತ್ತೆ.

ಎರಡೂ ಪತ್ರ ತೆಗೆದುಕೊಂಡು ನಿರುಪಮಾ ಮೇಡಂ ಹತ್ತಿರ ಹೋದೆ. ಅವರು ನಿಧಾನವಾಗಿ ಓದಿ ಮಡಚಿಕೊಟ್ಟರು. ‘ನಾ ಕೇಳಿದ್ದೆ ನೋಡು, ಬಾಗಲಾ ತೆಗದಿತ್ತಲ್ಲಾ, ಯಾಕ ಎದ್ದು ಹೋಗಲಿಲ್ಲ ಅಂತ. ಈಗ ಉತ್ತರ ಬಂತೇನು?’ ಎಂದರು. ಬಂತು ಎಂದೆ. ಹೆದರಿದವನಿಗೆ ತೆರೆದ ಬಾಗಿಲೂ ಮುಚ್ಚಿದ ಬಾಗಿಲೇ. ಅಂದು ನಾವೆಲ್ಲ ನಕ್ಕಿದ್ದೆವು ಎಂದೂ ಹೇಳಿಬಿಟ್ಟೆ. ‘ಪ್ರತಿ ತಂಡನೂ ನಗತೈತಿ’ ಎಂದರು. ನನ್ನ ನೌಕರಿಯ ವಿಷಯ ಕೂಡ ಕೇಳಿದೆ. ನಿಮ್ಮಿಂದ ಅದಕ್ಕೆ ಕೂದಲಷ್ಟೂ ಧಕ್ಕೆ ಇಲ್ಲ, ನಿಶ್ಚಿಂತೆಯಾಗಿರಿ.

ಗೈಡನ್ನು ಮನೆಗೆ ಕಳಿಸುತ್ತಿಲ್ಲ. ಕ್ಷಮಿಸಿ. ಆ ಪುಟದಲ್ಲಿ ಅರವತ್ತೈದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಅರವತ್ತು ಎಂದು ಬರೆದಿದ್ದೇನೆ. ಅದರ ಪಕ್ಕದಲ್ಲಿ ನೀವು ಹೋದ ಆ ಹನ್ನೊಂದು ದಿನಗಳ ತಾರೀಖು ಬರೆಯಬೇಕು. ಅವ್ವ ಎಣಿಸಿದ್ದಾಳಲ್ಲ, ಕೇಳಿ ಕಳಿಸಿ.

ಸುಕನ್ಯಾ


ಧಾರವಾಡ
15 ಜೂನ್ 2025

ಅಪ್ಪಾ,

ಕೈಗೆ ಫೋನು ಬಂದಿದೆ, ನೀವಿರುವುದು ಮುಕ್ಕಾಲು ತಾಸಿನ ದಾರಿ. ಆದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು.

ಪ್ರಾಯೋಗಿಕ ತರಬೇತಿಗೆ ನನ್ನನ್ನು ಹಾಕಿದ ಠಾಣೆಯಲ್ಲಿ ಮೊನ್ನೆ ಒಬ್ಬ ಅಜ್ಜ ಬೆಳಗಿನಿಂದ ಬೆಂಚಿನ ಮೇಲೆ ಕುಳಿತಿದ್ದ. ಅಮ್ಮಿನಭಾವಿಯವನು. ಅವನ ಹೊಲದ ಮುಂದೆ ಆದ ಒಂದು ಬೈಕ್ ಅಪಘಾತ ನೋಡಿದ್ದಾನೆ, ಅಷ್ಟೆ. ಹತ್ತಿರ ಹೋಗಿ ‘ವಯಸ್ಸೆಷ್ಟ್ರಿ ಅಜ್ಜಾರ?’ ಎಂದೆ. ಗಾಬರಿಯಾಗಿ ಎದ್ದು ನಿಂತು ‘ಯಾಕವ್ವಾ, ಅದೂ ತಪ್ಪೇನು?’ ಎಂದ. ಎಪ್ಪತ್ತೊಂದಂತೆ.

ಎಎಸ್‌ಐ ಸಾಹೇಬರಿಗೆ ಹೇಳಿದೆ. ಅವರು ‘ಇನ್ನೂ ಟ್ರೇನಿಂಗ್‌ನ್ಯಾಗ ಇದ್ದಿ, ನನಗ ಕಾಯ್ದೆ ಹೇಳ್ತಿ?’ ಎಂದು ಗದರಿದರು. ‘ಹೇಳೂದಿಲ್ರಿ ಸರ್, ಓದಿ ತೋರಸ್ತೇನಿ’ ಎಂದೆ. ಪುಸ್ತಕ ತೆರೆದಿಟ್ಟೆ. ಓದಿದರು, ಮತ್ತೊಮ್ಮೆ ಓದಿದರು. ಒಳ್ಳೆಯವರು ಅಪ್ಪಾ, ಇಪ್ಪತ್ತೆಂಟು ವರ್ಷದ ರೂಢಿ ಅಷ್ಟೆ. ಅಜ್ಜನನ್ನು ಬಸ್ಸಿಗೆ ಕಳಿಸಿ, ಮರುದಿನ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೊರಟರು.

ಹೊಸ್ತಿಲ ಹೊರಗೆ ನಾನು ಬೂಟು ಬಿಚ್ಚಿದೆ. ಲೇಸು ಬಿಗಿಯಾಗಿತ್ತು, ಹೊತ್ತು ಹಿಡಿಯಿತು. ಬಿಚ್ಚುವವರೆಗೂ ಅಜ್ಜ ನೀರಿನ ತಂಬಿಗೆ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದ. ಮನೆಯೊಳಗೆ ಅವನು ಬೇರೆಯೇ ಮನುಷ್ಯ. ಕಂಡದ್ದನ್ನೆಲ್ಲ ಕೈ ಮಾಡಿ ತೋರಿಸಿ ಹೇಳಿದ. ಹೊರಡುವಾಗ ಕೇಳಿದ, ‘ನಿಮ್ಮಪ್ಪ ಏನ್ ಮಾಡ್ತಾನವ್ವಾ?’

‘ಗೋಕುಲ ರೋಡಿನ್ಯಾಗ ಗೇಟ್ ಕಾಯ್ತಾನ್ರಿ,’ ಎಂದೆ. ‘ಈ ಕಲಂ ನನಗ ಕಲಿಸಿದಾಂವ ಅವನ.’

ನಿಮ್ಮ
ಸುಕನ್ಯಾ